ಅಗ್ಗದ ಟ್ರಿಪ್ಪು, ದುಬಾರಿ ನಿದ್ದೆ

ಹೈದರಾಬಾದಿನಲ್ಲಿ ಚಳಿಗಾಲ ಶುರುವಾಯಿತೆಂದರೆ ಒಂದು ಜ್ವರ ಹಬ್ಬುತ್ತದೆ. ಹೆಸರು ‘ಆಲ್ ಇಂಡಿಯಾ ರೋಡ್ ಟ್ರಿಪ್’. ಆಫೀಸಿನ ಕ್ಯಾಂಟೀನಿನಲ್ಲಿ ಅದೇ ಮಾತು, ಇರಾನಿ ಚಹಾದಂಗಡಿಯಲ್ಲಿ ಅದೇ ಮಾತು, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲಿ ಕಾರ್ಯಕ್ರಮ ಮುಗಿಸಿ ಬಾಗಿಲಲ್ಲಿ ಚಪ್ಪಲಿ ಹುಡುಕುವಾಗಲೂ ಅದೇ ಮಾತು. ನಾಲ್ಕು ಜನ ಗೆಳೆಯರು, ಒಂದು ಕಾರು, ಹತ್ತು ದಿನ ರಜೆ, ಎಂಟು ಸಾವಿರ ಕಿಲೋಮೀಟರು. ಖರ್ಚು? “ತುಂಬಾ ಕಡಿಮೆ ಸಾರ್, ಬಜೆಟ್ ಟ್ರಿಪ್ಪು!”

ಮೊದಲೇ ಹೇಳಿಬಿಡುತ್ತೇನೆ, ನಾನು ತಿರುಗಾಟದ ವಿರೋಧಿಯಲ್ಲ. ಊರು ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ ಕಳೆದವನಿಗೆ ರಸ್ತೆಯ ಮೇಲೆ ದ್ವೇಷ ಇರೋಕೆ ಸಾಧ್ಯವೇ? ‘ದೇಶ ಸುತ್ತು, ಕೋಶ ಓದು’ ಅಂತ ಕೇಳಿಕೊಂಡೇ ಬೆಳೆದವರು ನಾವು. ಕೈಯಲ್ಲಿ ಕಾಸು ಕಡಿಮೆ ಇದ್ದಾಗ ಲೆಕ್ಕ ಹಾಕಿ ಸುತ್ತುವುದು ಕೂಡ ತಪ್ಪಲ್ಲ, ಅದು ಜಾಣತನ. ನನ್ನ ಜಗಳ ಇರುವುದು ಈ ಎಲ್ಲ ಪ್ಲಾನುಗಳಲ್ಲೂ ಬರುವ ಒಂದೇ ಒಂದು ಸಾಲಿನ ಜೊತೆ. “ರಾತ್ರಿ ಡ್ರೈವ್ ಮಾಡಿದ್ರೆ ಲಾಡ್ಜಿನ ಬಾಡಿಗೆ ಉಳಿಯುತ್ತೆ.”

ಉಳಿಯುತ್ತಾ? ಬನ್ನಿ, ಲೆಕ್ಕವನ್ನೇ ಮಾಡೋಣ.

ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾಗಳನ್ನು ಜೋಡಿಸುವ ಸುವರ್ಣ ಚತುಷ್ಕೋನ ಹೆದ್ದಾರಿಯ ಉದ್ದ 5,846 ಕಿಮೀ. ಅದು ಹೈದರಾಬಾದನ್ನು ಮುಟ್ಟುವುದೇ ಇಲ್ಲ. ವಿಜಯವಾಡಕ್ಕೆ ಹೋಗಿ ಹಿಡಿಯಬೇಕು, ವಾಪಸು ಬರಬೇಕು. ಜೊತೆಗೆ ಒಬ್ಬನಿಗೆ ಕನ್ಯಾಕುಮಾರಿ ಬೇಕು, ಇನ್ನೊಬ್ಬನಿಗೆ ಅಮೃತಸರ ಬೇಕು. ಹೀಗೆ ಸುಲಭವಾಗಿ ಎಂಟು ಸಾವಿರ ದಾಟುತ್ತದೆ. ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ 800 ಕಿಮೀ. ಊಟ, ತಿಂಡಿ, ಪೆಟ್ರೋಲ್ ಬಂಕು, ಊರೊಳಗಿನ ಟ್ರಾಫಿಕ್ಕು, ರಸ್ತೆಗೆ ಅಡ್ಡ ನಿಂತ ಎಮ್ಮೆ ಎಲ್ಲ ಸೇರಿ ಗಂಟೆಗೆ ಸರಾಸರಿ 55 ಸಿಕ್ಕರೆ ಪುಣ್ಯ. ಅಂದರೆ ದಿನಕ್ಕೆ ಹದಿನಾಲ್ಕೂವರೆ ಗಂಟೆ ಕಾರಿನಲ್ಲೇ! ಊರು ನೋಡುವುದು ಯಾವಾಗ, ಮಲಗುವುದು ಯಾವಾಗ?

ಈಗ ದುಡ್ಡು. ಲೀಟರಿಗೆ ಹದಿನಾರು ಕಿಮೀ ಓಡುವ ಕಾರು ಅಂತಿಟ್ಟುಕೊಳ್ಳಿ. 500 ಲೀಟರ್ ಬೇಕು. ಲೆಕ್ಕಕ್ಕೆ ಸುಲಭವಾಗಲಿ ಅಂತ ಲೀಟರಿಗೆ ನೂರು ರೂಪಾಯಿ ಹಿಡಿಯಿರಿ (ನಮ್ಮ ಊರಿನ ಬಂಕಿಗೆ ಹೋದವರಿಗೆ ಗೊತ್ತು, ಅದಕ್ಕಿಂತ ಜಾಸ್ತೀನೇ). ಐವತ್ತು ಸಾವಿರ ಆಯಿತು. ಸಾಧಾರಣ ಲಾಡ್ಜಿನಲ್ಲಿ ಎರಡು ರೂಮಿಗೆ ರಾತ್ರಿಗೆ 2,400. ಒಟ್ಟು ಒಂಬತ್ತು ರಾತ್ರಿ, ಅದರಲ್ಲಿ ಐದು ರಾತ್ರಿ ರಸ್ತೆಯಲ್ಲೇ ಕಳೆದರೆ ಲಾಡ್ಜಿಗೆ ಬೀಳುವುದು ನಾಲ್ಕು ರಾತ್ರಿಯ 9,600. ಉಳಿತಾಯ 12,000. ನಾಲ್ಕು ಜನಕ್ಕೆ ಹಂಚಿದರೆ ತಲೆಗೆ ಮೂರು ಸಾವಿರ ರೂಪಾಯಿ. ಇಷ್ಟಕ್ಕೆ ಐದು ರಾತ್ರಿಯ ನಿದ್ದೆ ಮಾರಿದ ಹಾಗಾಯಿತು.

ಅದೇ ಹತ್ತು ದಿನ, ಅದೇ ಕಾರು, ಆದರೆ ಸುತ್ತುವುದು ನಾಲ್ಕು ಸಾವಿರ ಕಿಮೀ ಮಾತ್ರ ಅಂತ ಮಾಡಿ ನೋಡಿ. ಪೆಟ್ರೋಲಿಗೆ 25,000. ಒಂಬತ್ತೂ ರಾತ್ರಿ ಲಾಡ್ಜಿನಲ್ಲಿ ಕಾಲು ಚಾಚಿ ಮಲಗಿದರೆ 21,600. ಒಟ್ಟು 46,600. ಆ ನಿದ್ದೆಗೇಡಿ ಟ್ರಿಪ್ಪಿನ ಲೆಕ್ಕ? 59,600! ಪ್ರತಿ ರಾತ್ರಿ ಮಲಗಿದವರು ಹದಿಮೂರು ಸಾವಿರ ರೂಪಾಯಿ ಕಡಿಮೆ ಖರ್ಚು ಮಾಡಿದ್ದಾರೆ. ಹಾಗಿದ್ದ ಮೇಲೆ ಬಜೆಟ್ ಟ್ರಿಪ್ ಅಂತ ಕರೆಯಬೇಕಾದ್ದು ಯಾವುದನ್ನು? ದುಡ್ಡು ತಿನ್ನುತ್ತಿರುವುದು ಕಿಲೋಮೀಟರು, ಹಾಸಿಗೆಯಲ್ಲ. ಆದರೆ ನಮ್ಮ ಹುಡುಗರು ಕತ್ತರಿ ಹಾಕುವುದು ಹಾಸಿಗೆಗೆ. ಯಾಕೆಂದರೆ “ಎಂಟು ಸಾವಿರ ಕಿಮೀ ಹೊಡೆದ್ವಿ” ಅಂತ ಹೇಳಿಕೊಳ್ಳಬಹುದು, “ಒಂಬತ್ತು ರಾತ್ರಿ ಚೆನ್ನಾಗಿ ಮಲಗಿದ್ವಿ” ಅಂತ ಫೋಟೋ ಹಾಕೋಕಾಗುತ್ತಾ?

ನಮ್ಮ ಅಪಾರ್ಟ್‌ಮೆಂಟಿನ ಹುಡುಗನೊಬ್ಬ ಹೀಗೇ ಗೆಳೆಯರ ಜೊತೆ ದೆಹಲಿ ಮುಟ್ಟಿ ಬಂದ. 44ನೇ ನಂಬರಿನ ಹೆದ್ದಾರಿ, ಆದಿಲಾಬಾದ್, ನಾಗಪುರ ದಾಟಿಕೊಂಡು. “ಝಾನ್ಸಿ ಹೇಗಿತ್ತಪ್ಪಾ?” ಅಂತ ಕೇಳಿದೆ. “ಬೈಪಾಸ್ ಸೂಪರ್ ಆಗಿದೆ ಅಂಕಲ್” ಅಂದ. “ಗ್ವಾಲಿಯರ್?” “ರಾತ್ರಿ ದಾಟಿದ್ವಿ.” ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ವಿಷಯ ಹೊರಬಂತು. ವಾಪಸು ಬರುವಾಗ ಬೆಳಗಿನ ಜಾವ ನಾಗಪುರದ ಈಚೆಗೆ ಇವನ ಕಣ್ಣು ಮುಚ್ಚಿದೆ. ಮತ್ತೆ ತೆರೆದಾಗ ಕಾರಿನ ಎಡಚಕ್ರ ರಸ್ತೆ ಬಿಟ್ಟು ಜಲ್ಲಿಯ ಮೇಲಿತ್ತಂತೆ. ಉಳಿದ ಮೂವರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದರು. ಅವರಿಗೆ ಈಗಲೂ ಗೊತ್ತಿಲ್ಲ. “ಮನೇಲಿ ಹೇಳ್ಬೇಡಿ ಅಂಕಲ್” ಅಂತ ಮಾತು ತಗೊಂಡ. ಇಂಥ ‘ಹೇಳ್ಬೇಡಿ’ಗಳು ಎಷ್ಟು ಮನೆಗಳಲ್ಲಿ ಇವೆಯೋ!

ಹೈದರಾಬಾದಿನ ಕನ್ನಡಿಗರಿಗೆ ಈ ರಸ್ತೆಯ ಕಥೆ ಬೇರೆಯವರು ಹೇಳಬೇಕಿಲ್ಲ. 2013ರ ಅಕ್ಟೋಬರ್ 30ರ ಬೆಳಗಿನ ಜಾವ, ಬೆಂಗಳೂರಿನಿಂದ ಹೈದರಾಬಾದಿಗೆ ಬರುತ್ತಿದ್ದ ಬಸ್ಸು ಮೆಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಸೇತುವೆಗೆ ಬಡಿದು ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಇಲ್ಲಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸು ಕರ್ನೂಲಿನ ಬಳಿ ಬೆಂಕಿಗೆ ಆಹುತಿಯಾಗಿ 19 ಪ್ರಯಾಣಿಕರು ಹೋದರು. ಎರಡೂ ಅದೇ 44ನೇ ಹೆದ್ದಾರಿ. ಇವಕ್ಕೆ ನಿದ್ದೆಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ನಾನು ಹೇಳುವುದು ಆ ಹೊತ್ತಿನ ಬಗ್ಗೆ. “ಮೂರು ಗಂಟೆಗೆ ರೋಡು ಖಾಲಿ ಇರುತ್ತೆ, ಆರಾಮಾಗಿ ಹೊಡೀಬಹುದು” ಅಂತ ಪ್ಲಾನಿನಲ್ಲಿ ಬರೆದುಕೊಳ್ಳುವ ಹೊತ್ತು ಅದು. ಆ ಹೊತ್ತಿನಲ್ಲಿ ಸಣ್ಣ ತಪ್ಪಿಗೂ ಎಷ್ಟು ದೊಡ್ಡ ಬೆಲೆ ಅಂತ ಆ ಎರಡು ಬೆಳಗುಗಳು ತೋರಿಸಿವೆ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಗಂಟೆಗೆ ಹತ್ತೊಂಬತ್ತು. ಅದರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ರಾಷ್ಟ್ರೀಯ ಹೆದ್ದಾರಿಗಳಲ್ಲೇ. ಆಂಧ್ರಪ್ರದೇಶದ ಪೊಲೀಸರು ನಡುರಾತ್ರಿ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ, ಡ್ರೈವರುಗಳ ಮುಖ ತೊಳೆಸಿ ಕಳಿಸುವ ಕೆಲಸ ಸುಮ್ಮನೆ ಮಾಡಿದ್ದಲ್ಲ.

“ನಾವು ಸರದಿಯ ಮೇಲೆ ಓಡಿಸ್ತೀವಿ” ಅನ್ನುವುದು ಮೊದಲ ಉತ್ತರ. ಕೇಳೋಕೆ ಚೆಂದ. ಆದರೆ ನಾಲ್ವರಲ್ಲಿ ಹೆದ್ದಾರಿಯಲ್ಲಿ ನಂಬಿ ಸ್ಟೇರಿಂಗ್ ಕೊಡಬಹುದಾದವರು ಇಬ್ಬರು. ಮುಂದಿನ ಸರದಿಯವನು ಹಿಂದಿನ ಸೀಟಿನಲ್ಲಿ ಮಲಗಿರುತ್ತಾನೆಯೇ? ಇಲ್ಲ, ಹಾಡು ಹಾಕಿಕೊಂಡು ಹರಟುತ್ತಿರುತ್ತಾನೆ. ಗೆಳೆಯರ ಜೊತೆ ಹೋಗುವುದೇ ಅದಕ್ಕಲ್ಲವೇ? ಎರಡನೇ ಉತ್ತರ, “ನಿದ್ದೆ ಬಂದ್ರೆ ಚಾ ಕುಡೀತೀವಿ.” ಚಹಾ ನಿದ್ದೆಯನ್ನು ಸ್ವಲ್ಪ ಹೊತ್ತು ಮುಂದಕ್ಕೆ ತಳ್ಳುತ್ತೆ ಅಷ್ಟೆ, ಸಾಲ ತೀರಿಸೋಲ್ಲ. ಮೂರನೆಯದು, “ಲಾರಿಯವರು ಓಡಿಸಲ್ವಾ?” ಓಡಿಸುತ್ತಾರೆ. ಆದರೆ ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ, ದೂರದ ದಾರಿಗೆ ಅನುಮತಿ ಪಡೆದರೆ ಹತ್ತು ಗಂಟೆ, ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ ಅಂತ 1961ರಲ್ಲೇ ಕಾಯ್ದೆ ಆಗಿತ್ತು. ಈಗ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ, ಎಂಟು ಗಂಟೆಯ ಮಾತು ಅಲ್ಲೂ ಇದೆ. ವರ್ಷವಿಡೀ ಸ್ಟೇರಿಂಗ್ ಹಿಡಿದೇ ಬದುಕುವವನಿಗೇ ಸಾಕು ಅಂದ ಕೆಲಸವನ್ನು, ವಾರವಿಡೀ ಕುರ್ಚಿಯಲ್ಲಿ ಕೂತು ಶುಕ್ರವಾರ ಸಂಜೆ ಲಾಗಿನ್ ಮುಗಿಸಿ ಹೊರಟವನು ಹದಿನಾಲ್ಕು ಗಂಟೆ ಮಾಡುತ್ತಾನಂತೆ!

ಸ್ವಂತ ಕಾರಿನವರ ಕಥೆ ಇದಾದರೆ, ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋಗುವವರದು ಇನ್ನೂ ಬೇಸರದ್ದು. ಇಲ್ಲಿ ನಿದ್ದೆ ಕಳೆದುಕೊಳ್ಳುವವನು ಡ್ರೈವರ್. ಹನ್ನೆರಡು ಜನ ಲಾಡ್ಜಿಗೆ ಹೋಗುತ್ತಾರೆ, ಅವನು ಗಾಡಿಯಲ್ಲೇ, ಸೊಳ್ಳೆಗಳ ಜೊತೆ. “ಬಾಟಾ ಕೊಡ್ತೀವಲ್ಲ” ಅನ್ನುತ್ತಾರೆ. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸಿ, ದೇವಸ್ಥಾನದ ಕ್ಯೂ ತಪ್ಪಿಸಿಕೊಳ್ಳೋಣ ನಡಿಯಪ್ಪಾ ಅನ್ನುತ್ತಾರೆ. ಆ ಹನ್ನೆರಡು ಜನರ ಜೀವ ಅವನ ಎರಡು ಕಣ್ಣಿನಲ್ಲಿದೆ ಅನ್ನುವುದು ಯಾರಿಗೂ ಹೊಳೆಯುವುದಿಲ್ಲ. ತಮಿಳುನಾಡು ಸರ್ಕಾರ 2023ರಲ್ಲಿ ಕಟ್ಟಡ ನಿಯಮಕ್ಕೆ ತಿದ್ದುಪಡಿ ತಂದು, ಹೋಟೆಲು-ಲಾಡ್ಜುಗಳು ಡ್ರೈವರುಗಳಿಗೆ ಮಲಗುವ ಜಾಗ ಮಾಡಿಕೊಡಬೇಕು ಅಂದಿತು. ಸರ್ಕಾರ ಹೇಳುವವರೆಗೆ ಕಾಯಬೇಕೇ? ಟ್ರಿಪ್ಪಿನ ಲೆಕ್ಕದ ಹಾಳೆಯಲ್ಲಿ ಪೆಟ್ರೋಲಿನ ಸಾಲಿಗಿಂತ ಮೇಲೆ ‘ಡ್ರೈವರ್ ಹಾಸಿಗೆ’ ಅಂತ ಒಂದು ಸಾಲು ಬರೆದರೆ ಆಯಿತು.

ಉಳಿಸುವ ಹುಚ್ಚು ಇನ್ನೊಂದು ಕಡೆಯೂ ಕೈ ಹಾಕುತ್ತದೆ. ಬಿಳಿ ನಂಬರ್ ಪ್ಲೇಟಿನ ಯಾರದೋ ಕಾರನ್ನು ‘ಗೆಳೆಯನದು’ ಅಂತ ಹೇಳಿ ದಿನಬಾಡಿಗೆಗೆ ತರುವುದು. ನಾವೇ ಓಡಿಸುವ ಬಾಡಿಗೆ ಕಾರಿಗೆ ಕಪ್ಪು ಪ್ಲೇಟಿನ ಮೇಲೆ ಹಳದಿ ಅಕ್ಷರ ಇರಬೇಕು. ಸ್ವಂತ ಬಳಕೆಯ ಕಾರನ್ನು ಬಾಡಿಗೆಗೆ ಬಿಟ್ಟು ಅಪಘಾತವಾದರೆ ವಿಮೆಯವರು ಕೈಯೆತ್ತಿಬಿಡಬಹುದು. ಆಗ ಉಳಿಸಿದ ದುಡ್ಡು ಲೆಕ್ಕಕ್ಕೂ ಬರುವುದಿಲ್ಲ. ನಿಜವಾಗಿ ಉಳಿಸುವ ದಾರಿ ಬೇಕೇ? 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಇದೆ. ಖಾಸಗಿ ಕಾರಿಗೆ ವರ್ಷಕ್ಕೆ 200 ಸಲ ಟೋಲ್ ದಾಟಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಮಾತ್ರ, ರಾಜ್ಯದ ರಸ್ತೆಗಳಲ್ಲಿ ನಡೆಯೋಲ್ಲ.

ರಾತ್ರಿ ಪ್ರಯಾಣ ಮಾಡಿ ಲಾಡ್ಜಿನ ಬಾಡಿಗೆ ಉಳಿಸಲೇಬೇಕು ಅನ್ನುವವರಿಗೆ ರೈಲು ಇದೆಯಲ್ಲ ಸ್ವಾಮಿ! ಸಿಕಂದರಾಬಾದಿನಲ್ಲಿ ಹತ್ತಿ, ಬರ್ತಿನಲ್ಲಿ ಮಲಗಿ, ಎದ್ದರೆ ಇನ್ನೊಂದು ರಾಜ್ಯ. ಅಲ್ಲಿಂದ ಮುಂದೆ ಆಯಾ ರಾಜ್ಯದ ಸರ್ಕಾರಿ ಬಸ್ಸು, ಇಲ್ಲವೇ ಅಲ್ಲಿಯದೇ ಬಾಡಿಗೆ ಗಾಡಿ. ಬೈಕಿನವರು ಪೆಟ್ರೋಲ್ ಖಾಲಿ ಮಾಡಿಸಿ ಬೈಕನ್ನೇ ರೈಲಿಗೆ ಹಾಕಬಹುದು. 2024ರ ನವೆಂಬರ್‌ನಿಂದ ಟಿಕೆಟ್ ಬುಕಿಂಗ್ 60 ದಿನ ಮುಂಚೆಯಷ್ಟೇ ತೆರೆಯುವುದರಿಂದ ಎರಡು ತಿಂಗಳ ಮುಂಚೆ ರಜೆ ಖಚಿತ ಮಾಡಿಕೊಂಡರೆ ಸಾಕು.

ಇನ್ನು ಎಲ್ಲರೂ ಹೇಳುವ ಕೊನೆಯ ಮಾತು, “ರಜೆಯೇ ಇಲ್ಲ.” ಇದನ್ನು ಒಪ್ಪುತ್ತೇನೆ. ನಮ್ಮ ಬಡತನ ದುಡ್ಡಿನದಲ್ಲ, ರಜೆಯದು. ಹಾಗಿದ್ದರೆ ಇಡೀ ದೇಶವನ್ನು ಒಂದೇ ಸಲ ನುಂಗುವ ಹಟ ಯಾಕೆ? ವರ್ಷಕ್ಕೊಂದು ಮೂಲೆ ಸಾಕು. ಹೈದರಾಬಾದಿನಿಂದ ಬೀದರ್, ಬಸವಕಲ್ಯಾಣ, ಕಲಬುರಗಿ, ವಿಜಯಪುರ, ಬಾದಾಮಿ, ಪಟ್ಟದಕಲ್ಲು, ಹಂಪಿ, ಅಶೋಕನ ಹೆಸರಿರುವ ಶಾಸನ 1915ರಲ್ಲಿ ಸಿಕ್ಕ ಮಸ್ಕಿ, ರಾಯಚೂರು, ವಾಪಸು. ಹೆಚ್ಚೂಕಡಿಮೆ ಸಾವಿರದಿನ್ನೂರು ಕಿಮೀ. ಎಂಟು ದಿನಕ್ಕೆ ದಿನಕ್ಕೆ 150. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರುಗಳಿಗೆ ಇದೇ ಹೈದರಾಬಾದು ರಾಜಧಾನಿಯಾಗಿತ್ತು. ಇಲ್ಲಿ ಇಪ್ಪತ್ತು ವರ್ಷ ಇದ್ದೂ ಬೀದರಿನ ಕೋಟೆ ನೋಡದ ಕನ್ನಡಿಗರು ಲಡಾಖಿನ ನಕ್ಷೆ ಬಿಡಿಸಿಕೊಂಡು ಕೂತಿರುವುದನ್ನು ಕಂಡಾಗ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಗೆಳೆಯರ ಗುಂಪಿಗೆ ಒಂದು ಮಾತು. ದುಡ್ಡಿನ ವಿಷಯ ಹೊರಡುವ ಮೊದಲೇ ಬಾಯಿಬಿಟ್ಟು ಆಡಿ. ಕಡಿಮೆ ಸಂಬಳದವನು ಮೊದಲು ತನ್ನ ಮೊತ್ತ ಹೇಳಲಿ, ಉಳಿದವರು ಅದಕ್ಕೆ ಹೊಂದಿಕೊಳ್ಳಲಿ. ಏಕೆಂದರೆ “ನನಗೆ ರೂಮು ದುಬಾರಿಯಾಗುತ್ತೆ” ಅನ್ನಲು ನಾಚಿಕೊಂಡವನೇ ಅರ್ಧರಾತ್ರಿಯಲ್ಲಿ “ಪರವಾಗಿಲ್ಲ, ಮುಂದೆ ಹೋಗೋಣ, ನಾನು ಓಡಿಸ್ತೀನಿ” ಅನ್ನುತ್ತಾನೆ. ಉಳಿದವರು ಅದನ್ನು ಉತ್ಸಾಹ ಅಂದುಕೊಳ್ಳುತ್ತಾರೆ.

ಹಿಂದೆ ನಮ್ಮ ಕಡೆ ಕಾಶಿಗೆ ಹೋದವರು ಮನೆಗೆ ಮರಳಿದರೆ ಸಮಾರಾಧನೆ ಮಾಡಿ ಊರಿಗೆ ಊಟ ಹಾಕುತ್ತಿದ್ದರು. ಪುಣ್ಯದ ಮಾತು ಇರಲಿ, ಹೋದವರು ಜೀವಂತ ಬಂದರಲ್ಲ ಅನ್ನುವ ಸಂತೋಷವೂ ಆ ಊಟದಲ್ಲಿತ್ತು. ನಡೆದು, ಗಾಡಿ ಹತ್ತಿ, ಛತ್ರಗಳಲ್ಲಿ ರಾತ್ರಿ ಕಳೆದು ಹೋಗುತ್ತಿದ್ದ ಅವರಲ್ಲೂ ದುಡ್ಡು ಇರಲಿಲ್ಲ. ಆದರೆ ಕತ್ತಲಾದರೆ ನಿಲ್ಲುತ್ತಿದ್ದರು.

ನನಗೆ ವಯಸ್ಸಾಯಿತು, ಅದಕ್ಕೇ ಹೀಗೆ ಹೆದರಿಸುತ್ತೇನೆ ಅಂತ ಬೈಯುವುದಿದ್ದರೆ ಬೈಯಿರಿ. ಆದರೆ ಬೈಯುವ ಮೊದಲು ಈ ಸಲದ ಪ್ಲಾನು ತೆಗೆದು, ದಿನಕ್ಕೆ ಎಷ್ಟು ಕಿಮೀ ಅಂತ ಒಂದು ಸಲ ಭಾಗಿಸಿ ನೋಡಿ. ನಾನೂರು ದಾಟಿದ್ದರೆ ಒಂದೆರಡು ಊರು ಹೊಡೆದುಹಾಕಿ, ಮುಂದಿನ ವರ್ಷಕ್ಕಿರಲಿ. ಊರುಗಳು ಎಲ್ಲಿಗೂ ಹೋಗುವುದಿಲ್ಲ. ಏನಂತೀರಿ?