ಹೋಗಿ ಮರಳಿ ಬಂದ ಕಣ್ಣುಗಳು

ಈ ತಿಂಗಳು ನಾನು ನನ್ನ ವಯಸ್ಸಿಗೂ ವೃತ್ತಿಗೂ ಸಲ್ಲದ ವಿಷಯವೊಂದನ್ನು ಕೈಗೆತ್ತಿಕೊಂಡಿರುವೆನು. ಮಕ್ಕಳು ನೋಡುವ ಕಾರ್ಟೂನು ಚಿತ್ರಗಳಲ್ಲಿ ಜಪಾನಿನವರ ರೀತಿಯು ಅಮೆರಿಕದವರ ಕೈಗೆ ಹೇಗೆ ಬಂದಿತೆಂಬುದೇ ಆ ವಿಷಯ. ಸಂಧಿಸಮಾಸಗಳನ್ನು ಹೇಳಿಕೊಡುತ್ತ ಕಾಲ ಕಳೆದ ಮೇಷ್ಟರಿಗೆ ಇದರ ಗೊಡವೆ ಏಕೆಂದು ನೀವು ಕೇಳಬಹುದು. ನಾನು ಒಂದು ತಪ್ಪನ್ನು ಮಾಡಿದೆನು. ಆದುದರಿಂದ ಈ ಗೊಡವೆ ಬಂದಿತು.

ಕಳೆದ ದಸರೆಯ ರಜೆಗೆ ನಮ್ಮ ಮೊಮ್ಮಗಳು ಮೈಸೂರಿನಿಂದ ಕೋಟೆಗೆ ಬಂದಿದ್ದಳು. 11 ವರ್ಷದ ಹುಡುಗಿ. ಚಿತ್ರ ಬರೆಯಲು ಕುಳಿತರೆ ಊಟದ ಹೊತ್ತನ್ನೂ ಮರೆಯುವಳು. ಪಡಸಾಲೆಯ ಕಂಬಕ್ಕೆ ಒರಗಿಕೊಂಡು ಬರೆಯುತ್ತಿದ್ದವಳ ಪುಸ್ತಕವನ್ನು ಇಣಿಕಿ ನೋಡಿದೆನು. ಒಬ್ಬ ಹುಡುಗಿಯ ಮುಖ. ಅದರಲ್ಲಿ ಮೂಗು ಒಂದು ಚುಕ್ಕೆ, ಬಾಯಿ ಒಂದು ಗೆರೆ, ಉಳಿದುದೆಲ್ಲ ಕಣ್ಣು. “ಇದೇನಮ್ಮ, ಜಪಾನಿನವರ ಗೊಂಬೆಯನ್ನು ನಕಲು ಮಾಡುತ್ತ ಕೂತಿದ್ದೀಯೆ? ಬರೆಯೋದಕ್ಕೆ ನಮ್ಮದು ಅನ್ನೋದು ಏನೂ ಇಲ್ಲವೆ?” ಎಂದೆನು.

“ತಾತ, ಇದು ಜಪಾನಿನದಲ್ಲ, ಅಮೆರಿಕದ್ದು. ಹೆಸರು ಮಾತ್ರ ನಮ್ಮದು, ಅವತಾರ” ಎಂದಷ್ಟೇ ಹೇಳಿ ಅವಳು ಪುಸ್ತಕವನ್ನು ಮುಚ್ಚಿಬಿಟ್ಟಳು.

ಆ ಬಳಿಕ ನಾಲ್ಕು ದಿವಸ ನನ್ನೆದುರಿಗೆ ಅವಳು ಪೆನ್ಸಿಲು ಹಿಡಿಯಲಿಲ್ಲ. ಅಡಿಗೆಯ ಮನೆಯಲ್ಲಿ ಅಜ್ಜಿಯ ಪಕ್ಕ ಕುಳಿತು ಬರೆಯುತ್ತಿದ್ದಳೆಂದು ಆಮೇಲೆ ತಿಳಿಯಿತು. ಪಾಠಶಾಲೆಯಲ್ಲಿ ಹುಡುಗರು ಮುನಿದರೆ ಮರುದಿನಕ್ಕೆ ಮರೆತುಬಿಡುವರು. ಮೊಮ್ಮಕ್ಕಳ ಮುನಿಸಿಗೆ ಆ ಸೌಕರ್ಯವಿಲ್ಲ. ಐದನೆಯ ದಿನ ನಾನೇ ಹೋಗಿ, “ಆ ಅವತಾರವನ್ನು ನನಗೂ ತೋರಿಸಮ್ಮ” ಎಂದು ಕೇಳಿದೆನು. ಅವಳಮ್ಮನ ಫೋನಿನಲ್ಲಿ ಇಬ್ಬರೂ ನೋಡಲು ಕುಳಿತೆವು. ಅಂಗೈಯಗಲದ ಆ ಪೆಟ್ಟಿಗೆಯನ್ನು ಗಂಟೆಗಟ್ಟಲೆ ನೋಡುವುದು ಕಣ್ಣಿಗೆ ಒಳ್ಳೆಯದಲ್ಲವೆಂಬ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ; ಅದು ಹಾಗಿರಲಿ.

ಈ ಚಿತ್ರಮಾಲೆಯನ್ನು ಮೈಕೇಲ್ ಡಿಮಾರ್ಟಿನೊ, ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಇಬ್ಬರು ಅಮೆರಿಕನರು ಕಲ್ಪಿಸಿದರು. ನಿಕೆಲೋಡಿಯನ್ ಎಂಬ ಮಕ್ಕಳ ವಾಹಿನಿಯಲ್ಲಿ 2005ರಿಂದ 2008ರವರೆಗೆ 61 ಕಂತುಗಳಾಗಿ ಇದು ಬಂದಿತು. ನೀರು, ಮಣ್ಣು, ಬೆಂಕಿ, ಗಾಳಿ ಎಂಬ ನಾಲ್ಕು ನಾಡುಗಳ ಕಥೆ. ನಮ್ಮ ಪಂಚಭೂತಗಳಲ್ಲಿ ಆಕಾಶವೊಂದನ್ನು ಬಿಟ್ಟು ಉಳಿದವನ್ನು ಹಂಚಿಕೊಂಡಂತಿದೆ. ‘ಅವತಾರ’ ಎಂಬ ಹೆಸರು ಸಂಸ್ಕೃತದ್ದು. ನಡುವೆ ಒಬ್ಬ ಗುರುವು ಬಂದು ಚಕ್ರಗಳ ಪಾಠವನ್ನೂ ಹೇಳುವನು. ನೀರನ್ನು ಮಣಿಸುವವರ ಕೈಚಲನೆ ಚೀನದ ವ್ಯಾಯಾಮವಿದ್ಯೆಯಿಂದ ಬಂದುದು. ಗೆರೆಗೆರೆಯಾಗಿ ಬರೆದು ಚಲಿಸುವಂತೆ ಮಾಡಿದವರು ಕೊರಿಯದ ಚಿತ್ರಕಾರರು. ಮುಖದ ಮಾಟವೂ ಕಣ್ಣೂ ಜಪಾನಿನವು. ನಕಲೆಂದು ನಾನು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ ಆ ಮುಖದಲ್ಲಿ ಐದು ದೇಶಗಳು ಸೇರಿದ್ದುವು!

ಇಲ್ಲಿ ನನ್ನ ಇನ್ನೊಂದು ಅಜ್ಞಾನವನ್ನೂ ಒಪ್ಪಿಕೊಳ್ಳಬೇಕು. ಈ ಜಪಾನಿ ಚಿತ್ರಗಳನ್ನು ಅನಿಮೆ ಎಂದೂ, ಚಿತ್ರಕ್ಕೆ ಚಲನೆ ಕೊಡುವ ವಿದ್ಯೆಯನ್ನು ಅನಿಮೇಷನ್ ಎಂದೂ ಕರೆಯುವುದಷ್ಟೆ. ಇದು ನಮ್ಮ ‘ಅನಿಮೇಷ’ ಶಬ್ದವೇ ಇರಬೇಕೆಂದು ನಾನು ಬಹುಕಾಲ ತಿಳಿದಿದ್ದೆನು. ದೇವತೆಗಳಿಗೆ ಎವೆಯಿಕ್ಕುವಿಕೆ ಇಲ್ಲ. ಸ್ವಯಂವರದಲ್ಲಿ ನಳನ ರೂಪ ಧರಿಸಿ ನಿಂತ ದೇವತೆಗಳನ್ನು ದಮಯಂತಿಯು ಗುರುತಿಸಿದುದಕ್ಕೆ ಅವರ ಎವೆಯಿಕ್ಕದ ಕಣ್ಣುಗಳೂ ಒಂದು ಕುರುಹು. ಅಷ್ಟು ದೊಡ್ಡ ಕಣ್ಣುಗಳನ್ನು ತೆರೆದೇ ಇಟ್ಟುಕೊಂಡ ಆ ಗೊಂಬೆಗಳಿಗೆ ಈ ಹೆಸರು ಎಷ್ಟು ಚೆನ್ನಾಗಿ ಒಪ್ಪಿತು! ಆದರೆ ನಿಜವು ಹಾಗಿಲ್ಲ. ಉಸಿರು, ಜೀವ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅನಿಮೇಷನ್ ಹುಟ್ಟಿತು. ಆ ಲ್ಯಾಟಿನ್ ಶಬ್ದವೂ ನಮ್ಮ ‘ಪ್ರಾಣ’ ‘ಅನಿಲ’ಗಳೂ ಮೂಲದಲ್ಲಿ ದಾಯಾದಿಗಳೇ ಆದುದರಿಂದ ನನ್ನ ಮಾನ ಅರ್ಧದಷ್ಟು ಉಳಿಯಿತು. ಇಂಗ್ಲಿಷಿನವರ ಉದ್ದ ಮಾತನ್ನು ಜಪಾನಿನವರು ತಮ್ಮ ನಾಲಗೆಗೆ ತಕ್ಕಂತೆ ಮೊಟಕುಮಾಡಿ ಅನಿಮೆ ಎಂದರು. ಆ ಮೊಟಕು ಮಾತನ್ನೇ ಅಮೆರಿಕದವರು ಮರಳಿ ಕೊಂಡೊಯ್ದು ಜಪಾನಿನ ಚಿತ್ರಗಳಿಗೆ ಹೆಸರಾಗಿಟ್ಟರು.

ಮಾತಿನ ಗತಿಯೇ ಕಣ್ಣಿನ ಗತಿಯೂ ಆಯಿತು. ಜಪಾನಿನಲ್ಲಿ ಒಸಾಮು ತೆಜುಕ ಎಂಬ ಮಹನೀಯನು 1928ರಲ್ಲಿ ಹುಟ್ಟಿದನು. ಓದಿದ್ದು ವೈದ್ಯ, ಒಲಿದದ್ದು ಚಿತ್ರ. ಅವನ ತಂದೆಯ ಬಳಿ ಮನೆಯಲ್ಲಿಯೇ ಚಲಚ್ಚಿತ್ರ ತೋರಿಸುವ ಯಂತ್ರವಿದ್ದಿತು. ಅಮೆರಿಕದ ಡಿಸ್ನಿಯ ಚಿತ್ರಗಳನ್ನು ಅವನು ಬಾಲ್ಯದಲ್ಲಿಯೇ ಕಂಡನು. ‘ಬ್ಯಾಂಬಿ’ ಎಂಬ ಜಿಂಕೆಮರಿಯ ಚಿತ್ರವನ್ನಂತೂ 80ಕ್ಕೂ ಹೆಚ್ಚು ಸಲ ನೋಡಿದನೆಂದು ಹೇಳುವರು. ಆ ಮರಿಯ ಅಗಲವಾದ ಕಣ್ಣುಗಳು ಅವನ ಕೈಗೆ ಹತ್ತಿದುವು. ಆದರೆ ಅಷ್ಟೇ ಅಲ್ಲ: ಅವನು ಬೆಳೆದ ತಕರಾಜುಕ ಎಂಬ ಊರಿನಲ್ಲಿ ಹೆಂಗಸರೇ ಎಲ್ಲ ಪಾತ್ರಗಳನ್ನೂ ಧರಿಸುವ ಪ್ರಸಿದ್ಧ ನಾಟಕಶಾಲೆಯುಂಟು. ರಂಗದ ಬೆಳಕಿನಲ್ಲಿ ಆ ನಟಿಯರ ತೀಡಿದ ಕಣ್ಣುಗಳು ಮಿನುಗುವುದನ್ನು ನೋಡಿ, ಜಿಂಕೆಯ ಕಣ್ಣಿಗೆ ಆ ಮಿನುಗನ್ನೂ ಸೇರಿಸಿದನು.

ಅವನ ‘ಯಂತ್ರಬಾಲಕ’ನ ಕಥೆಯು 1963ರ ಜನವರಿ 1ರಂದು ಜಪಾನಿನ ದೂರದರ್ಶನದಲ್ಲಿ ಆರಂಭವಾಯಿತು, ಅದೇ ವರ್ಷ ‘ಆಸ್ಟ್ರೋ ಬಾಯ್’ ಎಂಬ ಹೆಸರಿನಿಂದ ಅಮೆರಿಕದ ಮನೆಗಳನ್ನೂ ಹೊಕ್ಕಿತು. ಅಮೆರಿಕದ ಜಿಂಕೆಯಿಂದ ಹೊರಟ ಕಣ್ಣು ಜಪಾನಿನ ಹುಡುಗನ ಮುಖದಲ್ಲಿ ಕುಳಿತು ತೌರಿಗೆ ಬಂದಂತಾಯಿತು. 1965ರಲ್ಲಿ ತೆಜುಕನ ಬಿಳಿಯ ಸಿಂಹದ ಮರಿಯ ಕಥೆ ಬಂದು, ಅದೂ ಅಮೆರಿಕಕ್ಕೆ ಹೋಯಿತು. ಮುಂದೆ 1994ರಲ್ಲಿ ಡಿಸ್ನಿಯವರು ‘ಲಯನ್ ಕಿಂಗ್’ ಚಿತ್ರವನ್ನು ತೆಗೆದಾಗ, ಇದು ತೆಜುಕನ ಸಿಂಹವಲ್ಲವೆ ಎಂದು ಜಪಾನಿನಲ್ಲಿ ಗದ್ದಲವೆದ್ದಿತು. ಡಿಸ್ನಿಯವರು ಒಪ್ಪಲಿಲ್ಲ. ಯಾರು ಯಾರಿಗೆ ಸಾಲಗಾರರೆಂದು ಪತ್ರ ಬರೆಯಿಸಿಕೊಳ್ಳುವ ವ್ಯವಹಾರವೇ ಇದಲ್ಲವೆಂದು ನನಗೆ ತೋರುವುದು.

ನಮ್ಮ ಕೇಶಿರಾಜನು 13ನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆಯುವಾಗ, ಸಂಸ್ಕೃತದ ಮಾತುಗಳು ಕನ್ನಡಕ್ಕೆ ಬರುವ ಬಗೆಯನ್ನು ವಿಸ್ತಾರವಾಗಿ ವಿಚಾರಮಾಡಿರುವನು. ವಿದ್ಯೆಯು ಬಿಜ್ಜೆಯಾಯಿತು, ಶ್ರೀಯು ಸಿರಿಯಾಯಿತು, ಆಕಾಶವು ಆಗಸವಾಯಿತು. ಸಿರಿ ಎನ್ನುವಾಗ ಒಕ್ಕಲಿಗನ ಮನೆಯ ಹೆಣ್ಣುಮಗಳಿಗೆ ತಾನು ಪರಭಾಷೆಯ ಮಾತಾಡುತ್ತಿರುವೆನೆಂಬ ಶಂಕೆಯಾದರೂ ಬಂದೀತೆ? ಇದನ್ನು ಇಷ್ಟು ವರ್ಷ ಕರಿಯ ಹಲಗೆಯ ಮೇಲೆ ಬರೆದು ಬರೆದು ಕಲಿಸಿದ ನಾನು, ಒಂದು ಹುಡುಗಿಯ ಗೆರೆಯಲ್ಲಿ ತದ್ಭವವನ್ನು ಕಂಡು ನಕಲೆಂದು ಕರೆದೆನು.

ಆದರೆ ಅಮೆರಿಕದವರು ತೆಗೆದುಕೊಂಡುದೆಲ್ಲವೂ ಜೀರ್ಣವಾಯಿತೆಂದು ಹೇಳಲಾರೆನು. 1980ರ ದಶಕದಲ್ಲಿ ಅಲ್ಲಿಯ ಸಂಸ್ಥೆಗಳು ತಮ್ಮ ಕಥೆಗಳನ್ನು ಜಪಾನಿನ ಕಾರ್ಖಾನೆಗಳಿಗೆ ಕೊಟ್ಟು ಬರೆಯಿಸಿದುವು. 1984ರ ‘ಟ್ರಾನ್ಸ್‌ಫಾರ್ಮರ್ಸ್’ ಅಂತಹುದು. ಅದು ಕೂಲಿಯ ಸಂಬಂಧ. 2003ರಲ್ಲಿ ‘ಟೀನ್ ಟೈಟನ್ಸ್’ ಎಂಬುದು ಬಂದಾಗ ಬೆರಗು ಹೆಚ್ಚಾಗಿತ್ತು: ಆರಂಭದ ಹಾಡನ್ನು ಜಪಾನಿನ ಗಾಯಕಿಯರೇ ಹಾಡಿದರು, ನಾಚಿದವನ ತಲೆಯ ಮೇಲೆ ಕುಂಬಳಬೀಜದಷ್ಟು ಬೆವರ ಹನಿ, ಕೋಪಗೊಂಡವನ ಹಣೆಯಲ್ಲಿ ಉಬ್ಬಿದ ನರ, ಹೀಗೆ ಅಲ್ಲಿಯ ಸಂಕೇತಗಳೂ ಬಂದುವು. ಇವನ್ನು ನೋಡಿದಾಗ ಸ್ವೇದ, ಸ್ತಂಭ, ವೈವರ್ಣ್ಯ ಮೊದಲಾದ ನಮ್ಮ ಎಂಟು ಸಾತ್ತ್ವಿಕ ಭಾವಗಳು ನೆನಪಾಗದಿರವು. ಜಪಾನಿನವರು ಭರತಮುನಿಯನ್ನು ಓದಿ ಇದನ್ನು ಮಾಡಿದರೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವ ಚಟವು ನಮ್ಮಲ್ಲಿ ಕೆಲವರಿಗುಂಟು. ನಾನು ನೋಡಿದ ಎರಡು ಮೂರು ಕಂತುಗಳಲ್ಲಿ ಭಾವ ಬರುವುದಕ್ಕೆ ಮೊದಲೇ ಬೆವರು ಬರುತ್ತಿತ್ತು ಎಂಬುದಷ್ಟೇ ನನ್ನ ಆಕ್ಷೇಪ. ಮೊಮ್ಮಗಳು ಇದನ್ನು ಒಪ್ಪುವುದಿಲ್ಲ.

ಹಾಗಾದರೆ ನಿಜವಾಗಿ ಬಂದುದೇನು? ಚಲಚ್ಚಿತ್ರವು ಒಂದು ಸೆಕೆಂಡಿಗೆ 24 ಚೌಕಗಳಂತೆ ಓಡುವುದು. ಡಿಸ್ನಿಯವರು ಸೆಕೆಂಡಿಗೆ 24 ಅಥವಾ 12 ಬೇರೆ ಬೇರೆ ಚಿತ್ರಗಳನ್ನು ಬರೆಯಿಸುತ್ತಿದ್ದರು. ವಾರವಾರವೂ ಒಂದು ಕಂತನ್ನು ಕಡಮೆ ಹಣದಲ್ಲಿ ಒಪ್ಪಿಸಬೇಕಾಗಿದ್ದ ತೆಜುಕನಿಗೆ ಅದು ಸಾಧ್ಯವಿರಲಿಲ್ಲ. ಅಲ್ಲಿ 8 ಚಿತ್ರಗಳು ಸಾಕೆಂಬ ಪದ್ಧತಿ ಬೇರೂರಿತು; ಎಷ್ಟೋ ವೇಳೆ ಮುಖವು ನಿಶ್ಚಲವಾಗಿದ್ದು ತುಟಿಯೊಂದೇ ಆಡುವುದು. ಅಮೆರಿಕದಲ್ಲಿಯೂ ಹಾನ್ನ ಮತ್ತು ಬಾರ್ಬೆರಾ ಎಂಬವರು ದೂರದರ್ಶನಕ್ಕಾಗಿ ಇಂತಹ ಮಿತವ್ಯಯವನ್ನು ಮಾಡಿದರು. ಆದರೆ ಜಪಾನಿನವರು ಬಡತನದಿಂದ ಬಂದ ಆ ನಿಶ್ಚಲತೆಗೆ ಒಂದು ಗೌರವವನ್ನು ತಂದುಕೊಟ್ಟರು. ಚಿತ್ರ ಆಡದಿದ್ದಾಗ ಕಣ್ಣು ಹೇಳಬೇಕು. ಆದುದರಿಂದ ಕಣ್ಣಿಗೆ ಆ ಅಗಲ, ಆ ಮಿನುಗು.

ಹಯಾವೋ ಮಿಯಾಜಾಕಿ ಎಂಬ ಹಿರಿಯರು ಇದನ್ನು ತುದಿಮುಟ್ಟಿಸಿದರು. ಅವರ ‘ಸ್ಪಿರಿಟೆಡ್ ಅವೇ’ ಚಿತ್ರಕ್ಕೆ 2003ರಲ್ಲಿ ಅಮೆರಿಕದ ಆಸ್ಕರ್ ಬಹುಮಾನ ಬಂದಿತು. ಅವರು ಒಮ್ಮೆ ಅಮೆರಿಕದ ವಿಮರ್ಶಕರೊಬ್ಬರ ಎದುರಿಗೆ ಕೆಲವು ಸಲ ಚಪ್ಪಾಳೆ ತಟ್ಟಿ, ಎರಡು ಚಪ್ಪಾಳೆಗಳ ನಡುವಿನ ಕಾಲವೇ ‘ಮಾ’ ಎಂದು ತಿಳಿಸಿದರಂತೆ. ನಮ್ಮ ಸಂಗೀತಶಾಸ್ತ್ರದಲ್ಲಿಯೂ ಕ್ರಿಯೆಯಾದ ಬಳಿಕಿನ ವಿಶ್ರಾಂತಿಯನ್ನೇ ಲಯವೆಂದು ಕರೆದಿರುವರು. ಅವತಾರದ ಕರ್ತೃಗಳು ಮಿಯಾಜಾಕಿಯವರ ಚಿತ್ರಗಳಿಂದ ಸ್ಫೂರ್ತಿ ಪಡೆದೆವೆಂದು ಹೇಳಿಕೊಂಡಿರುವರು. ಪಿಕ್ಸಾರ್ ಎಂಬ ದೊಡ್ಡ ಸಂಸ್ಥೆಯವರು 2010ರ ‘ಟಾಯ್ ಸ್ಟೋರಿ’ಯ ಮೂರನೆಯ ಭಾಗದಲ್ಲಿ ಅವರ ‘ತೊತೊರೊ’ ಗೊಂಬೆಯನ್ನೇ ಪ್ರಣಾಮದಂತೆ ಕೂರಿಸಿದರು.

ಮೊಮ್ಮಗಳು ಬರೆದಿದ್ದ ಹುಡುಗಿಯ ಹೆಸರು ಕಟಾರ. ತಾಯಿಯನ್ನು ಕೊಂದವನನ್ನು ಹುಡುಕಿಕೊಂಡು ಅವಳು ಹೊರಡುವಳು. ಮಳೆಯಲ್ಲಿ ಅವನು ಸಿಕ್ಕುವನು. ನೀರನ್ನು ಮಣಿಸಬಲ್ಲ ಅವಳು ಸುರಿಯುವ ಹನಿಗಳನ್ನು ಆಕಾಶದಲ್ಲಿಯೇ ತಡೆದು ನಿಲ್ಲಿಸುವಳು. ಹನಿಗಳು ನಿಂತಿವೆ, ಮಾತಿಲ್ಲ. ಕೊಲ್ಲುವಳೋ ಬಿಡುವಳೋ ತಿಳಿಯದು. ಕೊನೆಗೆ ಕೊಲ್ಲುವುದಿಲ್ಲ, ಕ್ಷಮಿಸುವುದೂ ಇಲ್ಲ. ಇಂತಹ ನಿಲುಗಡೆಯನ್ನು ಆ ಅಮೆರಿಕನರು ಜಪಾನಿನ ಚಿತ್ರಗಳಿಂದ ಕಲಿತರೆಂದು ನನ್ನ ನಂಬುಗೆ. ನಾನು ಕನ್ನಡಕವನ್ನು ಒರೆಸಿಕೊಳ್ಳಬೇಕಾಯಿತು. ಹುಡುಗಿ ಅದನ್ನು ಗಮನಿಸಿದಳು, ಏನೂ ಹೇಳಲಿಲ್ಲ.

ಆಗ ನನ್ನ ಬಾಲ್ಯದ ತೊಗಲುಗೊಂಬೆಯಾಟ ನೆನಪಾಯಿತು. ಸುಗ್ಗಿ ಮುಗಿದ ಬಯಲಿನಲ್ಲಿ ಬಿಳಿಯ ಪರದೆ, ಹಿಂದೆ ಎಣ್ಣೆಯ ದೀಪ. ಇಡೀ ರಾವಣನ ಸಭೆಯನ್ನು ಒಂದೇ ತೊಗಲಿನಲ್ಲಿ ಕೊರೆದಿರುವರು; ಅದರಲ್ಲಿ ಯಾವ ಅಂಗವೂ ಆಡುವಂತಿಲ್ಲ. ಪರದೆಗೆ ಒತ್ತಿ ಹಿಡಿದರೆ ಮುಗಿಯಿತು. ದೀಪದ ಕುಡಿ ಅಲುಗುವುದು, ಹಾಡುವವನ ದನಿ ಏರುವುದು, ಸಭೆಯೆಲ್ಲ ಉಸಿರಾಡಿದಂತೆ ಕಾಣುವುದು. ಮುಖ ಪಕ್ಕಕ್ಕೆ ತಿರುಗಿದ್ದರೂ ಕಣ್ಣು ಮಾತ್ರ ಪೂರ್ತಿಯಾಗಿ ನಮ್ಮ ಕಡೆಗೆ. ನಿಶ್ಚಲ ಚಿತ್ರವೂ ದೊಡ್ಡ ಕಣ್ಣೂ ನಮ್ಮ ಗೊಂಬೆರಾಮರಿಗೆ ತಿಳಿಯದ ವಿದ್ಯೆಯಾಗಿರಲಿಲ್ಲ. ಆದರೆ ಅವರ ಮಕ್ಕಳ ಕೈಗೆ ಚಲಚ್ಚಿತ್ರದ ಯಂತ್ರವನ್ನು ನಾವು ಕೊಡಲಿಲ್ಲ. ನಮ್ಮ ರಾಮಾಯಣದ ಅನಿಮೇಷನ್ ಚಿತ್ರವನ್ನು 1992ರಲ್ಲಿ ಜಪಾನಿನ ಯುಗೋ ಸಾಕೋ ಅವರು ನಮ್ಮ ರಾಮ್ ಮೋಹನರನ್ನು ಜೊತೆಗೂಡಿಸಿಕೊಂಡು ತೆಗೆಯಬೇಕಾಯಿತು. ಈಚೆಗೆ 2020ರಲ್ಲಿ ನಮ್ಮ ಗೋವಿನ ಹಾಡಿನ ಕಥೆಯು ‘ಪುಣ್ಯಕೋಟಿ’ ಎಂಬ ಸಂಸ್ಕೃತ ಅನಿಮೇಷನ್ ಚಿತ್ರವಾಗಿ ಹೊರಬಂದಿತು. ರವಿಶಂಕರ್ ಎಂಬವರು ಸಾರ್ವಜನಿಕರಿಂದ ಹಣ ಕೂಡಿಸಿ ಅದನ್ನು ಮಾಡಿದರು; ಸಂಗೀತ ಇಳಯರಾಜರದು. ಕನ್ನಡದ ಹಸು ಸಂಸ್ಕೃತದಲ್ಲಿ ಮಾತಾಡಿದುದನ್ನು ಕೇಳಿ ಈ ಹಳೆಯ ಪಂಡಿತನಿಗಾದ ಸಂತೋಷವನ್ನು ಬಣ್ಣಿಸಿದರೆ ಅಂಕಣದಲ್ಲಿ ಸ್ಥಳ ಸಾಲದು.

ರಜೆ ಮುಗಿಯುವ ಹಿಂದಿನ ದಿನ ಅಟ್ಟದಿಂದ ವಿಷ್ಣುಧರ್ಮೋತ್ತರ ಪುರಾಣವನ್ನು ಇಳಿಸಿ, ಅದರ ಚಿತ್ರಸೂತ್ರದಲ್ಲಿರುವ ಕಣ್ಣುಗಳ ಭಾಗವನ್ನು ಅವಳಿಗೆ ಓದಿಹೇಳಿದೆನು. ಐದು ಬಗೆಯ ಕಣ್ಣುಗಳನ್ನು ಅಲ್ಲಿ ಹೇಳಿದೆ. ಬಿಲ್ಲಿನಂತಹುದು ಧ್ಯಾನದಲ್ಲಿರುವವರಿಗೆ, ಮೀನಿನ ಹೊಟ್ಟೆಯಂತಹುದು ಪ್ರೇಮಿಗಳಿಗೆ, ನೈದಿಲೆಯ ಎಸಳಿನಂತಹುದು ಶಾಂತರಿಗೆ, ಕಮಲದ ಎಸಳಿನಂತಹುದು ಹೆದರಿದವರಿಗೂ ಅಳುವವರಿಗೂ, ಸಾಣೆಕಲ್ಲಿನಂತಹುದು ಕೋಪಗೊಂಡವರಿಗೆ. ಅವಳು ಪುಸ್ತಕವನ್ನು ತೆರೆದು, ನನ್ನೆದುರಿಗೇ, ಐದನ್ನೂ ತನ್ನ ರೀತಿಯಲ್ಲಿ ಬರೆದಳು. ಒಳಗೆ ಆ ಜಪಾನಿನ ಮಿನುಗು ಹಾಗೆಯೇ ಇದ್ದಿತು. ನಾನು ಬೇಡವೆನ್ನಲಿಲ್ಲ.

“ತಾತ, ಪುಣ್ಯಕೋಟಿ ವಾಪಸು ಬಂತಲ್ಲ, ಆಗ ಹುಲಿಗೆ ಯಾವ ಕಣ್ಣು? ಮೊದಲು ಕೋಪ ಇತ್ತು, ಆಮೇಲೆ ಅಳು ಬಂತು. ನಡುವೆ?”

ಪುಟ ತಿರುವಿ ನೋಡಿದೆನು. ಶಾಸ್ತ್ರಕಾರನು ನಡುವಿನದನ್ನು ಹೇಳಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಹುಲಿಯನ್ನು ಕಣ್ಣು ಮುಚ್ಚಿಕೊಂಡಿರುವಂತೆ ಬರೆದಳು. ಮೈಸೂರಿಗೆ ಹೊರಡುವಾಗ ಆ ಹಾಳೆಯನ್ನು ಹರಿದು ನನಗೆ ಕೊಟ್ಟಳು. ತನಗೆ ಕೊಡಲಿಲ್ಲವೆಂದು ಅವಳ ಅಜ್ಜಿಗೆ ಇನ್ನೂ ಅಸಮಾಧಾನವಿದೆ.