ಶಾಲೆಯ ಜಗಲಿಯಿಂದ: ಬಣ್ಣ ಹಚ್ಚಿದವನ ಕೂಲಿ



ಕಳೆದ ದೀಪಾವಳಿಯ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ರೊಳ್ಳಕ್ಕೆ ಬಂದಿದ್ದವನು ನಮ್ಮ ಮನೆಗೂ ಬಂದನು. ಅಲ್ಲಿ ಅವನಿಗೆ ಲೆಕ್ಕಪತ್ರ ನೋಡುವ ಕೆಲಸ, ಹೆಂಡತಿ, ಇಬ್ಬರು ಮಕ್ಕಳು, ಒಟ್ಟಿನಲ್ಲಿ ಸುಖಿ. ಕಾಫಿ ಕುಡಿದಾದ ಮೇಲೆ ಚೀಲದಿಂದ ಮಡಿಸುವ ಕಂಪ್ಯೂಟರನ್ನು ತೆಗೆದು, "ಸಾರ್, ನನ್ನ ಎರಡನೆಯ ಉದ್ಯೋಗವನ್ನು ನೋಡಿರಿ" ಎಂದನು.

ಪರದೆಯ ಮೇಲೆ ಹಸುರು ಗುಡ್ಡಗಳು, ಅವುಗಳ ನಡುವೆ ನಮ್ಮ ಕಡೆಯ ಛತ್ರದಂತಹ ಒಂದು ಮನೆ. 'ಲಾರ್ಡ್ ಆಫ್ ದ ರಿಂಗ್ಸ್ ಆನ್‌ಲೈನ್' ಎಂಬ ಆಟವಂತೆ. ೨೦೦೭ರಲ್ಲಿ ಆರಂಭವಾಗಿ ಇಂದಿಗೂ ನಡೆಯುತ್ತಿದೆ. ಲೋಕದ ನಾನಾ ಮೂಲೆಗಳಲ್ಲಿ ಕುಳಿತವರು ತಮಗೊಪ್ಪಿದ ವೇಷವೊಂದನ್ನು ಧರಿಸಿ ಅದರೊಳಗೆ ಒಟ್ಟಿಗೆ ಸಂಚರಿಸುತ್ತಾರೆ. ಕೆಲವರು ಕತ್ತಿ ಹಿಡಿದು ರಾಕ್ಷಸರೊಡನೆ ಹೋರಾಡುತ್ತಾರೆ. ನಮ್ಮ ಹುಡುಗನು ತಂತಿವಾದ್ಯವೊಂದನ್ನು ಹಿಡಿದು ಛತ್ರದ ಒಲೆಯ ಪಕ್ಕದಲ್ಲಿ ನಿಂತನು. ಕಂಪ್ಯೂಟರಿನ ಕೀಲಿಗಳನ್ನೊತ್ತಿದಂತೆ ಸ್ವರಗಳು ಹೊರಟವು. ಗುರುತಿಲ್ಲದ ಮೂವರು ನಾಲ್ವರು ಸುತ್ತ ಕುಳಿತರು. ಹಾಡು ಮುಗಿದೊಡನೆ ಒಬ್ಬನು ತಲೆಬಾಗಿಸಿ ಕೆಲವು ಬೆಳ್ಳಿ ನಾಣ್ಯಗಳನ್ನು ಕೊಟ್ಟು ನಡೆದನು.

"ನೋಡಿದಿರಾ ಸಾರ್? ನಾನು ಕೇಳಲಿಲ್ಲ, ಅವನೇ ಕೊಟ್ಟ" ಎಂದು ನಕ್ಕವನು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ನೀವು ಯಾವ ಉದ್ಯೋಗವೆಂದು ಬರೆಯುವಿರಿ?" ಎಂದು ಕೇಳಿದನು.

ಆ ಪ್ರಶ್ನೆ ಎಲ್ಲಿಂದ ಬಂದಿತೆಂಬುದು ನನಗೆ ಕೂಡಲೇ ತಿಳಿಯಿತು. ಅದನ್ನು ನಿಮಗೂ ತಿಳಿಸದೆ ಮುಂದೆ ಹೋಗುವಂತಿಲ್ಲ.

೧೯೯೪ರ ಜೂನ್ ತಿಂಗಳು. ಶಿಕ್ಷಕ ತರಬೇತಿಯನ್ನು ಮುಗಿಸಿ ಬಂದು ಮೂರು ವರ್ಷವಾಗಿದ್ದ ಸಹಾಯಕ ಉಪಾಧ್ಯಾಯ ನಾನು. ಹೊಸ ಮಕ್ಕಳ ದಾಖಲೆಯ ಕೆಲಸ ನನ್ನ ಪಾಲಿಗಿದ್ದಿತು. ಒಂದು ಮಧ್ಯಾಹ್ನ ಹನುಮಂತನ ವೇಷ ತೊಟ್ಟ ವ್ಯಕ್ತಿಯೊಬ್ಬನು ಬಾಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಆರು ವರ್ಷದ ಮಗನ ಕೈಹಿಡಿದು ಬಾಗಿಲಲ್ಲಿ ನಿಂತನು. ಹಗಲುವೇಷದವರು. ಬೀದಿ ಬೀದಿ ಸುತ್ತುವ ನಡುವೆ ಬಿಡುವು ಮಾಡಿಕೊಂಡು ಬಂದಿದ್ದನು. ಊರು, ಹೆಸರು ಎಲ್ಲವನ್ನೂ ಬರೆದುಕೊಂಡು "ಉದ್ಯೋಗ?" ಎಂದೆ. "ವೇಷ, ಸಾಮಿ" ಎಂದನು. ನಾನು ಕ್ಷಣವೂ ಯೋಚಿಸದೆ ತಂದೆಯ ಉದ್ಯೋಗದ ಕಲಮಿನಲ್ಲಿ 'ಭಿಕ್ಷಾಟನೆ' ಎಂದು ಬರೆದೆ. ಓದು ಬಾರದ ಆ ಮನುಷ್ಯನು ಅದರ ಎದುರಿಗೆ ಹೆಬ್ಬೆಟ್ಟೊತ್ತಿದನು. ಬೆರಳಿಗೆ ಅಂಟಿದ್ದ ಅರದಾಳದ ಹಳದಿ ಮಸಿಯೊಡನೆ ಬೆರೆತು ಪುಟದ ಮೇಲೆ ಉಳಿಯಿತು. ಈಗ ಅದೇ ಶಾಲೆಗೆ ಮುಖ್ಯೋಪಾಧ್ಯಾಯನಾಗಿ ಮರಳಿರುವ ನಾನು ಆ ಪುಟವನ್ನು ತೆರೆದು ನೋಡಿದ್ದೇನೆ. ಕಲೆ ಹಾಗೆಯೇ ಇದೆ. ಮಗನು ಮುಂದೆ ವ್ಯಾಸಂಗ ಪತ್ರಕ್ಕಾಗಿ ಶಾಲೆಗೆ ಬಂದಾಗ ಅದನ್ನು ಓದಿದ್ದನಂತೆ. ಆಗ ಅವನಿಗೆ ಹದಿನೈದು ವರ್ಷ. ಈ ದೀಪಾವಳಿಯವರೆಗೂ ಅವನು ಆ ಮಾತನ್ನೆತ್ತಿರಲಿಲ್ಲ.

ಹಗಲುವೇಷದ ಪರಿಚಯವಿಲ್ಲದ ಕಿರಿಯರಿಗಾಗಿ ಎರಡು ಮಾತು. ನಾವು ಹಗಲುವೇಷವೆನ್ನುವುದನ್ನು ತೆಲುಗು ಬಂಧುಗಳು ಪಗಟಿ ವೇಷವೆನ್ನುತ್ತಾರೆ. ರಾಮ ಲಕ್ಷ್ಮಣ, ಹನುಮಂತ, ಭೀಮ, ಅರ್ಧನಾರೀಶ್ವರ, ಬಡಾಯಿ ಕೊಚ್ಚುವ ಪಿಟ್ಟಲ ದೊರೆ ಹೀಗೆ ದಿನಕ್ಕೊಂದು ವೇಷ. ರಂಗಸ್ಥಳವಿಲ್ಲ, ಪರದೆಯಿಲ್ಲ, ಟಿಕೇಟಿಲ್ಲ. ಹಾರ್ಮೋನಿಯಂ, ತಬಲಾ ಜತೆಗಿದ್ದರೆ ಬೀದಿಯೇ ರಂಗ. ಒಂದು ಊರಿನಲ್ಲಿ ಕೆಲವು ದಿನ ನಿಂತು ಆಡಿ, ಕೊನೆಯ ದಿನ ಮನೆ ಮನೆಗೆ ಹೋಗಿ ಕೊಟ್ಟುದನ್ನು ಪಡೆದು ಮುಂದಿನ ಊರಿಗೆ ನಡೆಯುತ್ತಾರೆ. ಗಡಿಯ ಎರಡು ಭಾಷೆಗಳಲ್ಲೂ ಲೀಲಾಜಾಲವಾಗಿ ಮಾತನಾಡಬಲ್ಲವರು. ೨೦೨೨ರ ಏಪ್ರಿಲ್‌ನಲ್ಲಿ ನಮ್ಮ ಮಡಕಶಿರಾ ಪ್ರದೇಶವು ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದಾಗ ನಾವೆಲ್ಲ ವಿಳಾಸ ಬದಲಿಸಿಕೊಂಡೆವು. ಅವರಿಗೆ ಮಾತ್ರ ಯಾವ ಗಡಿಯೂ ಎಂದೂ ಗಡಿಯಾಗಿರಲಿಲ್ಲ.

ಕನ್ನಡಿಗರಿಗೆ ಈ ವೃತ್ತಿ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಬಹುರೂಪಿ ಚೌಡಯ್ಯನೆಂಬವನಿದ್ದನು. ವೇಷ ಹಾಕುವುದೇ ಅವನ ಕಾಯಕ. ನಗೆಯ ಮಾರಿತಂದೆಯೆಂಬ ಇನ್ನೊಬ್ಬ ಶರಣನ ಕಾಯಕ ಜನರನ್ನು ನಗಿಸುವುದು. ನೇಯುವವನ, ಬಟ್ಟೆ ಒಗೆಯುವವನ ದುಡಿಮೆಗೆ ಎಷ್ಟು ಬೆಲೆಯೋ ಇವರ ದುಡಿಮೆಗೂ ಅಷ್ಟೇ ಬೆಲೆಯೆಂದು ಆ ಶರಣ ಸಮೂಹವು ಒಪ್ಪಿದ್ದಿತು. ಕಾಯಕವನ್ನು ಕುರಿತು ತರಗತಿಯಲ್ಲಿ ವರ್ಷ ವರ್ಷವೂ ಪಾಠ ಹೇಳಿದವನು ನಾನು; ದಾಖಲೆಯ ಪುಸ್ತಕದಲ್ಲಿ ಮಾತ್ರ ಅದನ್ನು ಮರೆತೆ.

ಮರೆತವನು ನಾನೊಬ್ಬನೇ ಅಲ್ಲ. ೧೯೫೯ರ ಮುಂಬಯಿ ಭಿಕ್ಷಾಟನೆ ತಡೆ ಕಾಯಿದೆಯು ಹಾಡುವುದು, ಕುಣಿಯುವುದು, ಭವಿಷ್ಯ ಹೇಳುವುದು ಮುಂತಾದ ನೆಪವಿದ್ದರೂ ಸಾರ್ವಜನಿಕ ಸ್ಥಳದಲ್ಲಿ ಪಡೆದ ಹಣವನ್ನು ಭಿಕ್ಷೆಯೆಂದೇ ಬಗೆಯಿತು. ದೆಹಲಿಗೂ ಅನ್ವಯಿಸಿದ್ದ ಆ ಕಾಯಿದೆಯಲ್ಲಿ ಭಿಕ್ಷಾಟನೆಯನ್ನು ಅಪರಾಧವೆಂದ ಕಲಮುಗಳನ್ನು ೨೦೧೮ರ ಆಗಸ್ಟ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ರದ್ದುಪಡಿಸಿತು. ತಾಡಪತ್ರಿಯಲ್ಲಿ ಹುಟ್ಟಿದ ಬಳ್ಳಾರಿ ರಾಘವರು ವಕೀಲಿ ಮಾಡುತ್ತ ನಾಟಕವಾಡಿದರು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ಟಿಕೇಟು ಮಾರಿ ನೂರಾರು ಜನರಿಗೆ ಅನ್ನವಿಕ್ಕಿತು. ಅವರೆಲ್ಲ ನಟರೆನಿಸಿಕೊಂಡರು. ಟಿಕೇಟಿಲ್ಲದೆ, ಆಟವಾದ ಮೇಲೆ ಕೈಚಾಚಿದವನನ್ನು ಮಾತ್ರ ಭಿಕ್ಷುಕನೆಂದೆವು. ಮೊದಲೇ ಹಣ ಕೊಟ್ಟರೆ ಬೆಲೆ, ಆಮೇಲೆ ಕೊಟ್ಟರೆ ಭಿಕ್ಷೆ! ಇದೆಂತಹ ನ್ಯಾಯ?

ಮರುದಿನ ನಾನು ಅವನೊಡನೆ ಅವನ ತಂದೆಯನ್ನು ಕಾಣಲು ಹೋದೆ. ವೃದ್ಧನು ಈಗ ವೇಷ ಕಟ್ಟುವುದಿಲ್ಲ, ಮೊಣಕಾಲು ಬಾಗದು. ಮಗನು ಕಂಪ್ಯೂಟರನ್ನು ತೆರೆದು ತಂದೆಗೂ ತೋರಿಸಿದನು. ವೃದ್ಧನು ಬಹಳ ಹೊತ್ತು ನೋಡಿ, ಇದು ತನ್ನ ಕಸುಬೇ ಎಂಬುದರಲ್ಲಿ ಸ್ವಲ್ಪವೂ ಸಂಶಯವಿಲ್ಲದವನಂತೆ ಮಗನಿಗೆ ತಪ್ಪುಗಳನ್ನು ತೋರಿಸತೊಡಗಿದನು. ಆ ಮಾತುಗಳನ್ನು ನಾನು ಬರೆದುಕೊಂಡೆನು. ನಿಮ್ಮ ಮಕ್ಕಳಲ್ಲಿ ಯಾರಾದರೂ ಇಂತಹ ಆಟಗಳಲ್ಲಿ ಮನರಂಜನೆಯ ವೇಷ ಹಾಕಿದ್ದರೆ ಅವರಿಗೂ ಉಪಯೋಗವಾದೀತು.

ಮೊದಲನೆಯದು, ನಿಲ್ಲುವ ಜಾಗ. "ತಲೆಮೇಲೆ ಹೊರೆ ಹೊತ್ತು ಹೋಗೋನ ಮುಂದೆ ಕುಣೀಬ್ಯಾಡ; ಹೊರೆ ಇಳಿಸಿದ ಕಟ್ಟೆ ಹತ್ತಿರ ಕುಣಿ" ಎಂದನು. ಈ ಮಾತಿಗೆ ಮಗನು ಹೇಳಿದ ಉದಾಹರಣೆ ಚೆನ್ನಾಗಿದ್ದಿತು. ೨೦೦೩ರಿಂದ ೨೦೧೧ರವರೆಗೆ ನಡೆದು ನಿಂತುಹೋದ 'ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್' ಎಂಬ ಆಟದಲ್ಲಿ ಮನರಂಜಕನೆಂಬುದೇ ಒಂದು ವೃತ್ತಿಯಾಗಿದ್ದಿತು. ಯುದ್ಧ ಮಾಡಿದವರಿಗೆ ಒಂದು ಬಗೆಯ ಆಯಾಸವು ಅಂಟಿಕೊಳ್ಳುತ್ತಿದ್ದಿತು. ಅದು ಕಳೆಯಬೇಕಾದರೆ ಪಾನಗೃಹಕ್ಕೆ ಬಂದು ನರ್ತಕರ ಕುಣಿತವನ್ನೋ ವಾದ್ಯಗಾರರ ಸಂಗೀತವನ್ನೋ ನೋಡಿ ಕೇಳಬೇಕಾಗಿದ್ದಿತು. ದಣಿವು ಕಳೆದವರು ಇನಾಮು ಕೊಡುತ್ತಿದ್ದರು. ಆಟವನ್ನು ಕಟ್ಟಿದವರು ಬುದ್ಧಿವಂತರೆನ್ನಬೇಕು. ಮನರಂಜನೆಯು ದುಡಿದವನ ಔಷಧವೆಂಬುದನ್ನು ಬಲ್ಲವರು.

ಎರಡನೆಯದು, ಆಟಕ್ಕೆ ಮುಂಚೆ ಕೈಚಾಚಬಾರದು. ಕೇಳುವುದಕ್ಕೆ ಒಂದು ಹೊತ್ತು, ಒಂದು ರೀತಿ ಉಂಟು. ಮಾತುಮಾತಿಗೂ ಕಾಡಿದವನಿಗೆ ಮುಂದಿನ ವರ್ಷ ಊರು ಬಾಗಿಲು ಮುಚ್ಚುತ್ತದೆ. ಹಾಗೆಂದು ಕೇಳದೆಯೇ ಹೋಗಲೂ ಬಾರದು. ಕೊಡಲು ಇಷ್ಟವಿದ್ದೂ ಸಂಕೋಚಪಡುವವರಿಗೆ ದಾರಿ ತೋರಿಸಬೇಕು. 'ಸೆಕೆಂಡ್ ಲೈಫ್' ಎಂಬ ಇನ್ನೊಂದು ಕಾಲ್ಪನಿಕ ಲೋಕದಲ್ಲಿ ಹಾಡುವವರು ತಮ್ಮ ಪಕ್ಕದಲ್ಲಿ ಒಂದು ಜಾಡಿಯನ್ನಿಡುತ್ತಾರಂತೆ, ಹರಿಕಥೆಯ ಮಂಗಳಾರತಿ ತಟ್ಟೆಯ ಹಾಗೆ. ಬಾಯಿಬಿಟ್ಟು ಬೇಡುವ ಅಗತ್ಯವಿಲ್ಲ.

ಮೂರನೆಯದು, ಕೊಟ್ಟವನ ಹೆಸರನ್ನು ಹೇಳಬೇಕು. ನಮ್ಮ ಬಯಲಾಟಗಳಲ್ಲಿ ಪಾತ್ರಧಾರಿಯ ಎದೆಗೆ ನೋಟು ಚುಚ್ಚಿದವರ ಹೆಸರನ್ನು ಹಾರ್ಮೋನಿಯಂ ಮಾಸ್ತರರು ಕೂಗಿ ಹೇಳುವುದನ್ನು ನೀವು ಕೇಳಿಲ್ಲವೇ? ಹತ್ತು ರೂಪಾಯಿ ಕೊಟ್ಟವನಿಗೂ ನೂರು ಕೊಟ್ಟವನಿಗೂ ಒಂದೇ ನಮಸ್ಕಾರ. "ಹತ್ತು ಕೊಟ್ಟೋನ ಹತ್ತಿರ ಇದ್ದಿದ್ದು ಹತ್ತೇ ಇರಬೌದು" ಎಂದನು ವೃದ್ಧ.

ನಾಲ್ಕನೆಯದು, ವೇಷವನ್ನು ಬದಲಿಸುತ್ತಿರಬೇಕು. ನೋಡುವವರು ಸಾಕೆನ್ನುವ ಮೊದಲೇ ನಿಲ್ಲಿಸಬೇಕು. ನಿನ್ನೆಯ ರಾಮನನ್ನು ಇಂದೂ ನೋಡಲು ಯಾರೂ ಬಾಗಿಲಿಗೆ ಬಾರರು. ಜತೆಗಾರರಿದ್ದರೆ ಪಾಲು ಅಂದಂದಿಗೇ ಆಗಬೇಕು. ಮೇಳಗಳು ಒಡೆದುದು ಹಸಿವಿನಿಂದಲ್ಲ, ಲೆಕ್ಕದಿಂದ.

ಐದನೆಯದನ್ನು ಹೇಳುವಾಗ ವೃದ್ಧನ ಧ್ವನಿ ಗಡುಸಾಯಿತು. ಆ ಹಳೆಯ ಆಟದಲ್ಲಿ ಕೆಲವರು ಕಂಪ್ಯೂಟರಿಗೆ ಆಜ್ಞೆಗಳ ಸರಣಿಯನ್ನು ಬರೆದಿಟ್ಟು ತಾವು ಎದ್ದುಹೋಗುತ್ತಿದ್ದರಂತೆ. ಪಾನಗೃಹದಲ್ಲಿ ನರ್ತಕಿ ಕುಣಿಯುತ್ತಲೇ ಇರುವಳು, ಕುಣಿಸುವವನು ನಿದ್ರೆಯಲ್ಲಿರುವನು. ಮಾತನಾಡಿಸಿದರೆ ಉತ್ತರವಿಲ್ಲ. ಇದನ್ನು ಕೇಳಿ ವೃದ್ಧನೆಂದನು: "ಹಂಗಾದ್ರೆ ಅದು ಬರೀ ಬಟ್ಟೆ. ಒಳಗೆ ಹನುಮಂತ ಇಲ್ಲ ಅಂದ್ರೆ ಕಾಸು ಮುಟ್ಟಬಾರದು. ಅದೇ ಸಾಮಿ ಭಿಕ್ಷೆ."

ಅವನು ನನ್ನನ್ನು ನೋಡಿ ಹೇಳಲಿಲ್ಲ. ಆದರೂ ನಾನು ತಲೆಯೆತ್ತಲಾರದೆ ಹೋದೆ.

ಇನ್ನು ಹಣದ ವಿಷಯವನ್ನು ಹಿರಿಯರಾದವರು ಸ್ಪಷ್ಟವಾಗಿ ತಿಳಿದಿರಬೇಕು. ನನ್ನ ಶಿಷ್ಯನಿಗೆ ದೊರೆತ ಬೆಳ್ಳಿ ನಾಣ್ಯವು ಆ ಆಟದೊಳಗೆ ಮಾತ್ರ ಸಲ್ಲುತ್ತದೆ. ಅದನ್ನು ಹೊರಗೆ ರೂಪಾಯಿಗೆ ಮಾರುವುದು ಆಟದ ನಿಯಮಕ್ಕೆ ವಿರುದ್ಧ. ಮಾರಿದವರ ಖಾತೆಯನ್ನೇ ಮುಚ್ಚಬಹುದು. ಸೆಕೆಂಡ್ ಲೈಫಿನ ರೀತಿ ಬೇರೆ. ಅಲ್ಲಿನ 'ಲಿಂಡೆನ್ ಡಾಲರ'ನ್ನು ನಿಜವಾದ ಡಾಲರಿಗೆ ಬದಲಿಸಬಹುದು. ಆದರೆ ಒಂದು ಅಮೆರಿಕನ್ ಡಾಲರಿಗೆ ಸುಮಾರು ೨೫೦ರಷ್ಟು ಬೇಕೆಂಬುದು ಬಹುಕಾಲದ ಲೆಕ್ಕ. ತಾವು ಆಡುವುದನ್ನು ಯೂಟ್ಯೂಬಿನಲ್ಲಿ ನೇರವಾಗಿ ತೋರಿಸಿ ನೋಡುಗರಿಂದ ಕಾಣಿಕೆ ಪಡೆಯುವ 'ಸೂಪರ್ ಚಾಟ್' ವ್ಯವಸ್ಥೆ ೨೦೧೭ರಲ್ಲಿ ಬಂದಿತು. ಅದರಲ್ಲಿ ನೂರಕ್ಕೆ ಎಪ್ಪತ್ತು ಆಡಿದವನಿಗೆ, ಉಳಿದುದು ಕಂಪನಿಗೆ. ಆದುದರಿಂದ ಇದನ್ನೇ ನೆಚ್ಚಿ ಓದನ್ನೋ ಕೆಲಸವನ್ನೋ ಬಿಡುವವನು ಮಳೆ ನೋಡದೆ ಬಿತ್ತಿದ ರೈತನಂತೆ. ಸಂಪಾದಿಸಲು ಮೊದಲು ನೀನೇ ಹಣ ಕಟ್ಟು ಎನ್ನುವವನು, ಫೋನಿಗೆ ಬಂದ ಗುಟ್ಟಿನ ಅಂಕಿಯನ್ನು ಕೇಳುವವನು ಕಳ್ಳನೇ ಸರಿ. ಹಣವನ್ನು ಪಣವಿಟ್ಟು ಆಡುವ ಆಟಗಳಂತೂ ಬೇರೆಯೇ ಜಾತಿ. ಅವುಗಳನ್ನು ನಿಷೇಧಿಸುವ ಕಾಯಿದೆಯನ್ನು ೨೦೨೫ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದೆ. ಕಾಣಿಕೆ ಪಡೆಯುವವನು ಬಣ್ಣ ಹಚ್ಚಿಯಾದರೂ ದುಡಿಯುತ್ತಾನೆ, ಜೂಜಿನವನು ದುಡಿಯುವುದಿಲ್ಲ.

ಕೊಡುವ ವಿಧಾನವೂ ಬದಲಾಗಿದೆ. ನಾವು ಕೋಲೆ ಬಸವ ಎನ್ನುವ, ತೆಲುಗರು ಗಂಗಿರೆದ್ದು ಎನ್ನುವ ಅಲಂಕೃತ ಎತ್ತಿನ ತಲೆಯ ಮೇಲೆ ಕ್ಯೂಆರ್ ಚೀಟಿಯನ್ನು ಕಟ್ಟಿ, ಫೋನಿನ ಮೂಲಕ ಕಾಣಿಕೆ ಪಡೆಯುವ ಚಲಚ್ಚಿತ್ರವೊಂದನ್ನು ೨೦೨೧ರ ನವೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೇ ದೇಶಕ್ಕೆಲ್ಲ ತೋರಿಸಿದರು. "ಚಿಲ್ಲರೆಯಿಲ್ಲ, ಮುಂದೆ ಹೋಗು" ಎಂಬ ನಮ್ಮ ಹಳೆಯ ನೆಪವು ಅಂದಿಗೆ ಮುಗಿಯಿತು.

ಶಾಲೆಯ ಹಳೆಯ ದಾಖಲೆಯನ್ನು ನನ್ನ ಇಷ್ಟದಂತೆ ತಿದ್ದುವ ಅಧಿಕಾರ ನನಗಿಲ್ಲ, ತಿದ್ದಲೂ ಇಲ್ಲ. ವೃದ್ಧನ ಎದುರಿಗೆ ಅಲ್ಲಿ ಏನು ಬರೆದಿದೆಯೆಂಬುದನ್ನು ಓದಿ ಹೇಳಿ ಕ್ಷಮೆ ಬೇಡಿದೆ. ಮೂವತ್ತು ವರ್ಷ ಅದು ಅವನಿಗೆ ತಿಳಿದಿರಲಿಲ್ಲ, ಮಗನು ಹೇಳಿರಲಿಲ್ಲ. ವೃದ್ಧನು ಸ್ವಲ್ಪ ಹೊತ್ತು ಮಗನನ್ನೇ ನೋಡಿದನು. ಬಳಿಕ ನನಗೆ, "ಅವತ್ತು ನೀವು ಆಟ ನೋಡಿರಲಿಲ್ಲ ಸಾಮಿ, ವೇಷ ಮಾತ್ರ ನೋಡಿದ್ರಿ" ಎಂದನು. ಅಷ್ಟೇ. ಹೊರಡುವಾಗ ಮಗನು ನನ್ನನ್ನು ಬೀದಿಯ ತಿರುವಿನವರೆಗೆ ಕಳುಹಿಸಿಕೊಟ್ಟನು. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಮುಂದಿನ ಜೂನಿನಲ್ಲಿ ನಮ್ಮ ಶಾಲೆಗೆ ಅಂತಹ ಮಗುವೊಂದು ಬಂದರೆ ಆ ಕಲಮಿನಲ್ಲಿ 'ಹಗಲುವೇಷ ಕಲಾವಿದ' ಎಂದು ನಾನೇ ಬರೆಯುವೆನು. ನೀವು ಗಡಿಯ ಈಚೆಗಿರಿ, ಆಚೆಗಿರಿ, ನಿಮ್ಮ ಬಾಗಿಲಿಗೆ ವೇಷವೊಂದು ಬಂದರೆ ಐದು ನಿಮಿಷ ನಿಂತು ಆಟವನ್ನು ನೋಡಿರಿ, ಆಮೇಲೆ ಕೊಡಿರಿ. ಮಕ್ಕಳ ಕೈಯಿಂದಲೇ ಕೊಡಿಸಿ, ಆಡಿದವನ ಹೆಸರನ್ನು ಮಕ್ಕಳಿಂದಲೇ ಕೇಳಿಸಿರಿ. ನೋಡಿ ಕೊಟ್ಟುದು ಕೂಲಿ; ನೋಡದೆ ಕೊಟ್ಟುದು ಭಿಕ್ಷೆ. ಈ ವ್ಯತ್ಯಾಸವಿರುವುದು ಕೊಡುವವರ ಕೈಯಲ್ಲಿ.