ಕಬ್ಬಿನ ಲಾರಿಯಲ್ಲಿ ಏನೇನು ಹೋಗುತ್ತದೆ?

2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಪಾಳಿ ಹಚ್ಚಿದ್ದು ನಿಮಗೆ ನೆನಪಿರಬೇಕು. ಅದೇ ವರ್ಷ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ರಸ್ತೆಯಲ್ಲಿ ಕುಳಿತರು. ಸರ್ಕಾರ 3,300 ರೂಪಾಯಿ ಘೋಷಿಸಿದ ಮೇಲೆ ಹೋರಾಟ ತಣ್ಣಗಾಯಿತು. ಒಂದು ಗೊಬ್ಬರದ ಗಲಾಟೆ, ಇನ್ನೊಂದು ದರದ ಗಲಾಟೆ ಎಂದು ನಾವು ಬೇರೆ ಬೇರೆಯಾಗಿ ಎಣಿಸುತ್ತೇವೆ. ನನ್ನ ಲೆಕ್ಕದಲ್ಲಿ ಇವೆರಡೂ ಒಂದೇ ಹೊಲದ ಜಮಾ ಖರ್ಚು.

ಹೊಲಕ್ಕೆ ಎರಡು ಬಗೆಯ ಆದಾಯವುಂಟು. ಒಂದು ಬಿಸಿಲು. ಎಲೆಯ ಮೇಲೆ ಬಿದ್ದ ನೂರು ಪಾಲು ಬಿಸಿಲಿನಲ್ಲಿ ಬೆಳೆ ಕೂಡಿಟ್ಟುಕೊಳ್ಳುವುದು ಒಂದೆರಡು ಪಾಲು ಮಾತ್ರ. ಆ ಶಕ್ತಿ ಎತ್ತಿನ ಹೊಟ್ಟೆಗೆ ಹೋಗಲಿ, ಮನುಷ್ಯನ ಹೊಟ್ಟೆಗೆ ಹೋಗಲಿ, ಗಾಣದ ಒಲೆಗೆ ಹೋಗಲಿ, ಕಡೆಗೆ ಶಾಖವಾಗಿ ಗಾಳಿಗೆ ಸೇರುತ್ತದೆ, ಮರಳಿ ಬಾರದು. ಮರುದಿನ ಸೂರ್ಯ ಹೊಸದನ್ನು ಕೊಡುತ್ತಾನೆ, ಅದಕ್ಕೆ ಬಿಲ್ಲಿಲ್ಲ. ಇನ್ನೊಂದು ಸಾರಜನಕ, ರಂಜಕ, ಪೊಟ್ಯಾಶ್‌ಗಳ ಆದಾಯ. ಇವು ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ದನಕ್ಕೆ, ದನದಿಂದ ತಿಪ್ಪೆಗೆ, ತಿಪ್ಪೆಯಿಂದ ಮತ್ತೆ ಮಣ್ಣಿಗೆ ಸುತ್ತಬಲ್ಲವು. ಸುತ್ತು ಎಲ್ಲಿ ಮುರಿಯುತ್ತದೆಯೋ ಅಲ್ಲಿ ಗೊಬ್ಬರದ ಅಂಗಡಿ ಶುರುವಾಗುತ್ತದೆ.

ಈಗ ಕಬ್ಬಿನ ಮಾತು. ಸಕ್ಕರೆಯಲ್ಲಿ ಇರುವುದು ಇಂಗಾಲ, ಜಲಜನಕ, ಆಮ್ಲಜನಕ ಇಷ್ಟೇ. ಅವು ಗಾಳಿಯಿಂದ ಮತ್ತು ನೀರಿನಿಂದ ಬಂದವು. ಮಾರುಕಟ್ಟೆಗೆ ಹೋಗುವ ಸಕ್ಕರೆಯ ಚೀಲದಲ್ಲಿ ನಿಮ್ಮ ಹೊಲದ ಗೊಬ್ಬರ ಇಲ್ಲವೆಂದೇ ಹೇಳಬಹುದು. ಬತ್ತ, ಜೋಳ, ಕಡಲೆಗಳ ಮಾತು ಹೀಗಲ್ಲ. ಕಾಳಿನ ಜೊತೆಯಲ್ಲೇ ಸಾರಜನಕ, ರಂಜಕಗಳು ಊರು ಬಿಡುತ್ತವೆ. ಹಾಗಿದ್ದೂ ಕಬ್ಬಿನ ನೆಲ ಬಡವಾಗುವುದೇಕೆ?

ಗೊಬ್ಬರಾಂಶ ಉಳಿಯುವುದು ರವದಿಯಲ್ಲಿ (ಮಂಡ್ಯದ ಕಡೆ ತರಗು), ಕಾರ್ಖಾನೆಯ ಪ್ರೆಸ್‌ಮಡ್ಡಿನಲ್ಲಿ, ಕಾಕಂಬಿಯಲ್ಲಿ, ಸಿಪ್ಪೆಯ ಬೂದಿಯಲ್ಲಿ. ರವದಿಗೆ ನಾವು ಬೆಂಕಿ ಇಡುತ್ತೇವೆ. ಎಕರೆಗೆ ಮೂರು ನಾಲ್ಕು ಟನ್ ಬೀಳುವ ರವದಿಯಲ್ಲಿ ಸಾರಜನಕ ಸುಮಾರು 12 ಕಿಲೋ, ಎಂದರೆ ಅರ್ಧ ಚೀಲಕ್ಕೂ ಮಿಕ್ಕ ಯೂರಿಯಾ. ಸುಟ್ಟರೆ ಅದರಲ್ಲಿ ಬಹುಪಾಲು ಹೊಗೆಯಾಗಿ ಹೋಗುತ್ತದೆ. ಪೊಟ್ಯಾಶ್ ಬೂದಿಯಲ್ಲಿ ಉಳಿದರೂ ಗಾಳಿ ಬೀಸಿದರೆ ಪಕ್ಕದ ಹೊಲದವನ ಪಾಲು.

ರೈತ ಸೋಮಾರಿಯಾಗಿ ಸುಡುತ್ತಾನೆಂದು ಹೇಳುವವರಲ್ಲಿ ನಾನಿಲ್ಲ. ಆಳು ಸಿಗದು, ಹಾವು ಇಲಿಗಳ ಭಯ, ಕೂಳೆಗೆ ನೀರು ಹಾಯಿಸಲು ಅಡ್ಡಿ. ಇನ್ನೂ ಒಂದು ನಿಜ ಹೇಳಬೇಕು: ಒಣ ರವದಿಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಜೀವಾಣುಗಳು ಮೊದಲು ಮಣ್ಣಿನ ಸಾರಜನಕವನ್ನೇ ತಿನ್ನುತ್ತವೆ, ಕೂಳೆ ಹಳದಿಯಾಗುತ್ತದೆ. ಒಂದು ಸಾರಿ ಇದನ್ನು ಕಂಡ ರೈತ ಮರುವರ್ಷ ಕಡ್ಡಿ ಗೀರುತ್ತಾನೆ. ಆದುದರಿಂದ ಟನ್ ರವದಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಗೊಬ್ಬರ ಚೆಲ್ಲಿ ನೀರು ಕೊಡಿ. ಸಾಲು ಬಿಟ್ಟು ಸಾಲಿಗೆ ಹಾಸಿದರೆ ನೀರಿಗೂ ದಾರಿ ಉಳಿಯುತ್ತದೆ.

ಕಾರ್ಖಾನೆಯ ಕಡೆಯ ಲೆಕ್ಕವೂ ಇದೆ. ಟನ್ ಕಬ್ಬಿಗೆ 30ರಿಂದ 40 ಕಿಲೋ ಪ್ರೆಸ್‌ಮಡ್ ಬರುತ್ತದೆ. ಪೊಟ್ಯಾಶ್ ಹೆಚ್ಚಾಗಿ ಕಾಕಂಬಿಗೆ, ಅಲ್ಲಿಂದ ಡಿಸ್ಟಿಲರಿಯ ತ್ಯಾಜ್ಯಕ್ಕೆ ಇಳಿಯುತ್ತದೆ. ಆ ತ್ಯಾಜ್ಯವನ್ನು ಸುಟ್ಟ ಬೂದಿಯಿಂದ ತೆಗೆಯುವ, ಶೇಕಡಾ 14.5 ಪೊಟ್ಯಾಶ್ ಇರುವ ಗೊಬ್ಬರವನ್ನು ಕೇಂದ್ರ ಸರ್ಕಾರ 2021ರಲ್ಲಿ ಸಹಾಯಧನದ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ನಿಮ್ಮ ಹೊಲದಿಂದ ಹೋದ ಪೊಟ್ಯಾಶನ್ನು ನೀವೇ ಮತ್ತೆ ಹಣ ಕೊಟ್ಟು ತರುವಿರಿ ಎಂಬುದು ಮರೆಯದಿರಲಿ.

ಕಬ್ಬು ಇಳಿಸಿದ ಟ್ರಾಕ್ಟರುಗಳು ಖಾಲಿ ಬರುವುದನ್ನು ದಿನವೂ ನೋಡುತ್ತೇನೆ. ದರದ ಮಾತುಕತೆಗೆ ಕೂಡುವ ನಮ್ಮ ಮುಖಂಡರು, ಕಳಿಸಿದ ಪ್ರತಿ ಟನ್ನಿಗೆ ಇಷ್ಟು ಪ್ರೆಸ್‌ಮಡ್ ಅದೇ ಗಾಡಿಯಲ್ಲಿ ವಾಪಸು ಬರಬೇಕೆಂಬ ಕರಾರನ್ನೂ ಮುಂದಿಡಬಹುದು. ತಂದ ಪ್ರೆಸ್‌ಮಡ್ಡನ್ನು ಹಸಿಯಾಗಿ ಸಾಲಿಗೆ ಸುರಿಯಬೇಡಿ. ಬಿಸಿಯೇರಿ ಮೊಳಕೆಗೆ ಪೆಟ್ಟಾದೀತು. ಎರಡು ಮೂರು ತಿಂಗಳು ಗುಡ್ಡೆ ಹಾಕಿ, ನಡುವೆ ತಿರುವಿ, ಕಳಿತ ಮೇಲೆ ಹಾಕಿ.